ಕೆಡವುವ ಮುನ್ನ ಅಳೆಯಿರಿ: ಮಡಿಕೇರಿಯ ಅಳಿದ ಅಂಗಡಿ ಕಟ್ಟಡಗಳ ಬಗ್ಗೆ ಬಹಿರಂಗ ಪತ್ರ

ಮಡಿಕೇರಿ ನಗರಸಭೆಯ ಅಧ್ಯಕ್ಷರು, ಸದಸ್ಯರು ಮತ್ತು ಪೌರಾಯುಕ್ತರಿಗೆ; ಕೊಡಗಿನ ಉಳಿದ ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆ; ಹಳೆಯ ಅಂಗಡಿಗಳ ಮಾಲೀಕರಿಗೆ, ಬಾಡಿಗೆದಾರರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ

ಮಾನ್ಯರೇ,

ಕಟ್ಟಡ ಪರವಾನಗಿಗೆ ಬೇಕಾದದ್ದು ಕಟ್ಟಲಿರುವ ಕಟ್ಟಡದ ನಕ್ಷೆ. ಬೀಳಲಿರುವ ಕಟ್ಟಡದ ನಕ್ಷೆಯನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಮಹದೇವಪೇಟೆಯಲ್ಲೋ ಚೌಕಿಯ ಸುತ್ತಮುತ್ತಲೋ ಹಳೆಯ ಅಂಗಡಿ ಕಟ್ಟಡವೊಂದು ನೆಲಸಮವಾದ ಮೇಲೆ, ಅದು ಎಷ್ಟು ಅಗಲವಿತ್ತು, ಯಾವಾಗ ಕಟ್ಟಿದ್ದು, ಮಹಡಿಯಲ್ಲಿ ಏನಿತ್ತು, ಯಾಕೆ ಹಾಳಾಯಿತು ಎಂದು ಕೇಳಿದರೆ ಕಡತದಲ್ಲಿ ಸಿಗುವುದು ‘ಶಿಥಿಲ’ ಎಂಬ ಒಂದೇ ಪದ.

ಮುದ್ದುರಾಜ 1681ರಲ್ಲಿ ಹಾಲೇರಿಯಿಂದ ಇಲ್ಲಿಗೆ ರಾಜಧಾನಿ ತಂದದ್ದು ನಮಗೆ ಗೊತ್ತು. ಲಿಂಗರಾಜೇಂದ್ರ 1820ರಲ್ಲಿ ಓಂಕಾರೇಶ್ವರ ದೇವಸ್ಥಾನ ಕಟ್ಟಿಸಿದ್ದು ಗೊತ್ತು. ಕೋಟೆಗೆ, ಅರಸರ ಸಮಾಧಿಯಾದ ಗದ್ದಿಗೆಗೆ ದಾಖಲೆಯಿದೆ. ಆದರೆ ಉಪ್ಪು, ಬಟ್ಟೆ, ಏಲಕ್ಕಿ, ಕೋವಿ, ಔಷಧಿ ಮಾರಿದ ಪೇಟೆ ಸಾಲಿಗೆ ದಾಖಲೆಯಿಲ್ಲ. ಊರಿನ ನಿತ್ಯದ ಬದುಕು ನಡೆದದ್ದು ಅಲ್ಲಿ.

ಕೆಡವುವುದನ್ನು ನಿಲ್ಲಿಸಿ ಎಂದು ನಾವು ಬರೆಯುತ್ತಿಲ್ಲ. ಸೋರುವ ಮಾಡು, ಬಾಗಿದ ತೊಲೆ, ಪಾಲಾಗದ ಆಸ್ತಿಯ ಕಷ್ಟ ಮಾಲೀಕರಿಗೇ ಗೊತ್ತು. ನಾವು ಕೇಳುವುದು ಇಷ್ಟೆ: ಬೀಳುವ ಪ್ರತಿ ಕಟ್ಟಡಕ್ಕೂ ಒಂದು ಕಡತ ಇರಲಿ, ಈಗಾಗಲೇ ಹೋದ ಕಟ್ಟಡಗಳಿಗೂ ಅಂಥ ಕಡತ ಮಾಡಬಹುದು. ಹೇಗೆಂದು ಕೆಳಗೆ ವಿವರವಾಗಿ ಬರೆದಿದ್ದೇವೆ.

ಮೊದಲು ಹೋಗಿಬಿಟ್ಟ ಕಟ್ಟಡದ ಮಾತು. ಅದರ ಚರಿತ್ರೆ ಹುಡುಕುವವರು ಸಾಮಾನ್ಯವಾಗಿ ಮಾಲೀಕರ ಮನೆಗೆ ಹೋಗಿ ಕ್ರಯಪತ್ರ ಕೇಳುತ್ತಾರೆ. ಪತ್ರ ಬ್ಯಾಂಕಿನಲ್ಲಿ ಅಡವಿರುತ್ತದೆ, ಇಲ್ಲವೇ ಪಾಲುದಾರರ ನಡುವೆ ಎಲ್ಲೋ ಸೇರಿಹೋಗಿರುತ್ತದೆ. ಅಲ್ಲಿಗೆ ಹುಡುಕಾಟ ನಿಲ್ಲಬೇಕಾಗಿಲ್ಲ. ಅಕ್ಕಪಕ್ಕದ ಆಸ್ತಿಗಳ ಪತ್ರಗಳಲ್ಲಿ ಚಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆಯ ವಿವರ) ಇರುತ್ತದಲ್ಲ, ಅದನ್ನು ನೋಡಿ. ‘ಪೂರ್ವಕ್ಕೆ ಇಂಥವರ ಜವಳಿ ಅಂಗಡಿ, ಪಶ್ಚಿಮಕ್ಕೆ ಸಾರ್ವಜನಿಕ ಚರಂಡಿ’ ಎಂದು ನೆರೆಯವರ ಪತ್ರವೇ ನಮ್ಮ ಕಟ್ಟಡದ ಬಗ್ಗೆ ಹೇಳುತ್ತದೆ. ಬೇರೆ ಬೇರೆ ವರ್ಷಗಳಲ್ಲಿ ನೋಂದಣಿಯಾದ ನಾಲ್ಕೈದು ನೆರೆಪತ್ರಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿದರೆ, ಒಂದರಲ್ಲಿ ‘ಖಾಲಿ ನಿವೇಶನ’ ಎಂದಿದ್ದದ್ದು ಮುಂದಿನದರಲ್ಲಿ ‘ಹೆಂಚಿನ ಕಟ್ಟಡ’ ಎಂದಾಗಿರುತ್ತದೆ. ಕಟ್ಟಿದ ಕಾಲ ಆ ಎರಡು ವರ್ಷಗಳ ನಡುವೆ ಬಿತ್ತು. ಒಂದು ಎಚ್ಚರಿಕೆ: ಪತ್ರ ಬರೆಯುವವರು ಹಳೆಯ ಚಕ್ಕುಬಂದಿಯನ್ನು ಹಾಗೇ ನಕಲು ಮಾಡುವುದುಂಟು. ಸತ್ತು ಮೂವತ್ತು ವರ್ಷವಾದವರ ಅಂಗಡಿ ಹೊಸ ಪತ್ರದ ‘ಉತ್ತರಕ್ಕೆ’ ಇನ್ನೂ ನಿಂತಿರುತ್ತದೆ. ಆದ್ದರಿಂದ ಮಾತು ಬದಲಾದ ಪತ್ರಕ್ಕಷ್ಟೇ ಬೆಲೆ ಕೊಡಬೇಕು. ಬದಲಾಗದೆ ಉಳಿದದ್ದು ಏನನ್ನೂ ಸಾಬೀತು ಮಾಡುವುದಿಲ್ಲ.

ಇವು ಸಿಗುವುದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಸ್ಥಿರಾಸ್ತಿ ಪತ್ರಗಳನ್ನು ದಾಖಲಿಸುವ 1ನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು. 1ನೇ ಸೂಚಿ ವ್ಯಕ್ತಿಗಳ ಹೆಸರಿನದು, 2ನೇ ಸೂಚಿ ಆಸ್ತಿಯದು. ಋಣಭಾರ ಪತ್ರವನ್ನು ಕಂಪ್ಯೂಟರಿನಲ್ಲಿ ತೆಗೆಸಿ ತೃಪ್ತರಾಗಬೇಡಿ. ಕಂಪ್ಯೂಟರಿಗೆ ಸೇರಿದ ದಾಖಲೆ ಈಚಿನದು. ಅದಕ್ಕೂ ಹಿಂದಿನದಕ್ಕೆ ಕೈಬರಹದ ಸೂಚಿಗಳನ್ನು ವರ್ಷವರ್ಷ ತಿರುವಬೇಕು. ಅಂಗಡಿಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಒಂದು ವರ್ಷ ಮೀರಿದ ಅವಧಿಯ ಗೇಣಿ, ಬಾಡಿಗೆ ಕರಾರುಗಳಿಗೆ ನೋಂದಣಿ ಕಡ್ಡಾಯ. ಅದನ್ನು ತಪ್ಪಿಸಲೆಂದೇ 11 ತಿಂಗಳ ಕರಾರು ಬಂದದ್ದು. ಹಾಗಾಗಿ ಐವತ್ತು ವರ್ಷ ಒಂದೇ ಮಳಿಗೆಯಲ್ಲಿ ಕೂತ ವ್ಯಾಪಾರಿಯ ಹೆಸರು ನೋಂದಣಿ ಪುಸ್ತಕದಲ್ಲಿ ಒಮ್ಮೆಯೂ ಬರದಿರಬಹುದು.

ಆ ಹೆಸರು ಬರುವುದು ನಗರಸಭೆಯ ಹಳೆಯ ತೆರಿಗೆ ನಿರ್ಧರಣಾ ವಹಿಯಲ್ಲಿ. ಸ್ವಯಂಘೋಷಣೆ ಪದ್ಧತಿ ಬರುವ ಮೊದಲು ಕಟ್ಟಡ ತೆರಿಗೆ ನಿಂತಿದ್ದದ್ದು ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ. ಬಾಡಿಗೆ ಗೊತ್ತಾಗಬೇಕಾದರೆ ಯಾರು ಕೂತಿದ್ದಾರೆಂದು ಬರೆಯಲೇಬೇಕಿತ್ತು. ಮಾಲೀಕರ ಹೆಸರಿನ ಪಕ್ಕದ ಅನುಭವದಾರರ ಅಂಕಣವೇ ಪೇಟೆಯ ನಿಜವಾದ ಚರಿತ್ರೆ. ಒಂದು ಪರಿಷ್ಕರಣೆಯಿಂದ ಇನ್ನೊಂದಕ್ಕೆ ಮೌಲ್ಯ ಇದ್ದಕ್ಕಿದ್ದಂತೆ ಇಮ್ಮಡಿಯಾಗಿದ್ದು ಅದೇ ಸಾಲಿನ ಉಳಿದ ಅಂಗಡಿಗಳದ್ದು ಏರದಿದ್ದರೆ, ಅಲ್ಲಿ ಮಹಡಿ ಏರಿದೆ, ಇಲ್ಲವೇ ಒಂದು ಮಳಿಗೆ ಎರಡಾಗಿದೆ ಎಂದು ತಿಳಿಯಬೇಕು.

ಈ ಕೆಲಸ ಕೆಡುವುದು ಹೆಚ್ಚಾಗಿ ನಂಬರಿನಿಂದ. ವಾರ್ಡು ಬದಲಾದಾಗ ಅಸೆಸ್‌ಮೆಂಟ್ ನಂಬರು ಬದಲಾಗುತ್ತದೆ, ಬಾಗಿಲ ನಂಬರು ಬೇರೆ, ಸರ್ವೆ ನಂಬರು ಬೇರೆ, ಈಗಿನ ಇ-ಆಸ್ತಿ ಗುರುತಿನ ಸಂಖ್ಯೆ ಮತ್ತೊಂದು. ಹಳೆ ನಂಬರು ಹೊಸ ನಂಬರಿಗೆ ತಾಳೆಯಾಗುವ ಪಟ್ಟಿ ಇಲ್ಲದೆ ಹುಡುಕಲು ಹೊರಟವರು ಪಕ್ಕದ ಕಟ್ಟಡದ ಚರಿತ್ರೆ ಬರೆದು ಮುಗಿಸುತ್ತಾರೆ. ತಾಳೆ ಪಟ್ಟಿಯನ್ನು ಬದಲಾಗದ ಗುರುತಿನಿಂದ ಶುರು ಮಾಡಬೇಕು: ರಸ್ತೆ ಕೂಡುವ ಮೂಲೆ, ದೇವಸ್ಥಾನ, ಮಸೀದಿ, ಬಾವಿ. ಅಲ್ಲಿಂದ ಸಾಲಾಗಿ ಎಣಿಸುತ್ತ ಬಂದರೆ ಎಲ್ಲಿ ಒಂದು ನಂಬರು ಎರಡಾಯಿತು (ಪಾಲಾದಾಗ 12/ಎ, 12/ಬಿ ಆಗುವುದು ಅಲ್ಲೇ) ಎಂಬುದು ಗೊತ್ತಾಗುತ್ತದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ 1956ರ ನವೆಂಬರ್ 1ಕ್ಕಿಂತ ಹಿಂದಿನ ಸರ್ಕಾರಿ ಕಾಗದಕ್ಕೆ ಹುಡುಕುವ ದಾರಿಯೇ ಬೇರೆ. 1834ರಲ್ಲಿ ಬ್ರಿಟಿಷರ ಕೈಸೇರಿದ ಮೇಲೆ ಕೊಡಗಿನ ಆಡಳಿತದ ಮೇಲ್ತುದಿ ಬಹುಕಾಲ ಬೆಂಗಳೂರಿನಲ್ಲಿತ್ತು. 1881ರ ನಂತರ ಮೈಸೂರಿನ ರೆಸಿಡೆಂಟರೇ ಕೊಡಗಿನ ಮುಖ್ಯ ಆಯುಕ್ತರೂ ಆಗಿದ್ದರು. ಆದ್ದರಿಂದ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲೂ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲೂ ಹುಡುಕಬೇಕು. ಅಲ್ಲಿ ಮಡಿಕೇರಿ ಎಂದರೆ ಸಿಗುವುದಿಲ್ಲ, ‘ಮರ್ಕೆರಾ’ ಎಂದು ಕೇಳಬೇಕು. ಕುಶಾಲನಗರಕ್ಕೆ ‘ಫ್ರೇಜರ್‌ಪೇಟೆ’.

ನಗರಸಭೆಯಿಂದ ಮಾಹಿತಿ ಹಕ್ಕಿನಲ್ಲಿ ಕೇಳುವವರಿಗೆ ಒಂದು ಮಾತು. ‘ಇಂಥ ಕಟ್ಟಡದ ಎಲ್ಲ ಮಾಹಿತಿ ಕೊಡಿ’ ಎಂದರೆ ‘ಲಭ್ಯವಿಲ್ಲ’ ಎಂಬ ಉತ್ತರ ಬರುತ್ತದೆ. ‘ಇಂಥ ವಾರ್ಡಿನ, ಇಂಥ ವರ್ಷದಿಂದ ಇಂಥ ವರ್ಷದವರೆಗಿನ ನಿರ್ಧರಣಾ ವಹಿಯನ್ನು ಕಚೇರಿಯಲ್ಲಿ ಪರಿಶೀಲಿಸಲು ಅವಕಾಶ ಕೊಡಿ’ ಎಂದು ಕೇಳಿ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ.

ಇನ್ನು ಕಾಲ ನಿರ್ಣಯ. ಇಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಮಾಡಿನ ಮಂಗಳೂರು ಹೆಂಚನ್ನು ತಿರುವಿ ಹಾಕಿ, ಅಡಿಯಲ್ಲಿ ‘ಬಾಸೆಲ್ ಮಿಷನ್, 1865’ ಎಂದು ಓದಿ, ಕಟ್ಟಡ 1865ರದ್ದು ಎಂದು ಬರೆಯುತ್ತಾರೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಹೆಂಚು ಸುಟ್ಟ ವರ್ಷವಲ್ಲ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು, ಮುದ್ರೆಯೂ ಬದಲಾಯಿತು. ಅಂದರೆ ಮಿಷನ್ ಮುದ್ರೆ ಯುದ್ಧದ ಕಾಲಕ್ಕಿಂತ ಹಿಂದಿನ ಹೆಂಚು, ಟ್ರಸ್ಟ್ ಮುದ್ರೆ ಅನಂತರದ್ದು ಎಂಬಷ್ಟು ಹೇಳಬಹುದು. ಅದೂ ಹೆಂಚಿನ ಬಗ್ಗೆ, ಕಟ್ಟಡದ ಬಗ್ಗೆ ಅಲ್ಲ. ನಮ್ಮ ಮಳೆಗೆ ವರ್ಷವೂ ಹೆಂಚು ಒಡೆಯುತ್ತದೆ, ಬೇರೆಡೆ ಕೆಡವಿದ ಮಾಡಿನ ಹೆಂಚು ತಂದು ಹೊದಿಸುತ್ತಾರೆ. ಒಂದು ಹೆಂಚು ನೋಡಿ ಹೇಳಬಾರದು. ಮಾಡಿನ ಪ್ರತಿ ಇಳಿಜಾರಿನಿಂದ ಕನಿಷ್ಠ 50 ಹೆಂಚು ತಿರುವಿ, ಯಾವ ಮುದ್ರೆ ಎಷ್ಟು ಎಂದು ಎಣಿಸಿ ಬರೆಯಬೇಕು. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಕೂರುವುದರಿಂದ ಇದು ಮೂರ್ನಾಲ್ಕು ಚದರ ಮೀಟರಿನ ಕೆಲಸವಷ್ಟೇ.

ಕಬ್ಬಿಣದ ತೊಲೆಗೂ ಮುದ್ರೆ ಇರುತ್ತದೆ. ಟಾಟಾ ಎಂದಿದ್ದರೆ 1912ಕ್ಕಿಂತ ಹಿಂದಿನದಾಗಲಾರದು, ಜಮ್‌ಶೆಡ್‌ಪುರದಲ್ಲಿ ಉಕ್ಕು ಬರತೊಡಗಿದ್ದು ಆಗ. ಇಂಗ್ಲೆಂಡಿನ ಡಾರ್ಮನ್ ಲಾಂಗ್ ಮುದ್ರೆಯ ತೊಲೆಗಳೂ ಈ ದೇಶಕ್ಕೆ ಧಾರಾಳವಾಗಿ ಬಂದಿವೆ. ಬಣ್ಣ ಕೆರೆಯದೆ ಮುದ್ರೆ ಕಾಣುವುದಿಲ್ಲ. ತಂತಿ ಬ್ರಷ್ಷಿನಲ್ಲಿ ತೊಲೆಯ ನಡುಭಾಗದ ಪಟ್ಟಿಯನ್ನು ಉದ್ದಕ್ಕೂ ಉಜ್ಜಿ ನೋಡಬೇಕು.

ಬಿಲ್ಲು, ಲೆಟರ್‌ಹೆಡ್, ಕ್ಯಾಲೆಂಡರುಗಳ ವರ್ಷ ಹರಿದುಹೋಗಿದ್ದರೂ ಬೇರೆ ಗುರುತುಗಳಿರುತ್ತವೆ. ಆಣೆಯಲ್ಲಿ ಬೆಲೆಯಿದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು, ಹೆಚ್ಚೆಂದರೆ ಒಂದೆರಡು ವರ್ಷ ಈಚಿನದು. 571201 ಎಂಬ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1956ಕ್ಕೂ 1973ಕ್ಕೂ ನಡುವಿನದು. ಮಲಯಾಳದಲ್ಲಿ ಬರೆದ ಲೆಕ್ಕದ ಪುಸ್ತಕದಲ್ಲಿ 1110 ಎಂದು ಕಂಡರೆ ಗಾಬರಿ ಬೇಡ, ಅದು ಕೊಲ್ಲವರ್ಷ. 824 ಇಲ್ಲವೇ 825 ಕೂಡಿಸಿದರೆ 1934–35 ಆಗುತ್ತದೆ. ಶಕವರ್ಷಕ್ಕೆ 78 ಕೂಡಿಸಬೇಕು. ಇಂಥ ಪುಸ್ತಕಗಳನ್ನು ‘ಓದಲು ಬರುವುದಿಲ್ಲ’ ಎಂದು ರದ್ದಿಗೆ ಹಾಕುವುದು ದೊಡ್ಡ ನಷ್ಟ. ಮಾಪಿಳ್ಳೆ, ಕೊಂಕಣಿ, ತಮಿಳು ವ್ಯಾಪಾರಿಗಳು ಬೆಳೆಸಿದ ಪೇಟೆಯ ಲೆಕ್ಕ ಕನ್ನಡದಲ್ಲೇ ಇರಬೇಕೆಂದಿಲ್ಲ.

ಹಿರಿಯರನ್ನು ಕೇಳುವಾಗ ‘ಯಾವ ಇಸವಿ?’ ಎಂದು ಕೇಳಬೇಡಿ. ‘ಅಂಗಡಿಯಲ್ಲಿ ಸೇರಿನಲ್ಲಿ ಅಳೆಯುತ್ತಿದ್ದರೋ ಕಿಲೋದಲ್ಲೋ?’ ಎಂದು ಕೇಳಿ. ‘ಕೊಡಗು ಬೇರೆ ರಾಜ್ಯವಾಗಿದ್ದಾಗಲೋ, ಸೇರಿದ ಮೇಲೋ?’ ಎಂದು ಕೇಳಿ. ಕಾಫಿ ವ್ಯಾಪಾರದ ಮಾತು ಬಂದರೆ ಇನ್ನಷ್ಟು ಜಾಗ್ರತೆ ಬೇಕು. 1940ರ ದಶಕದಿಂದ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ (ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ) ಒಪ್ಪಿಸಬೇಕಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಿಸಿ 1996ರ ಹೊತ್ತಿಗೆ ಪೂರ್ತಿ ಬಿಟ್ಟರು. ‘1970ರಲ್ಲಿ ಇಲ್ಲಿ ಕಾಫಿ ಖರೀದಿಸುತ್ತಿದ್ದರು’ ಎಂದು ಯಾರಾದರೂ ಹೇಳಿದರೆ ಅದು ಪೂಲ್ ಏಜೆಂಟರ ಡಿಪೋ ಇರಬಹುದು, ಹುರಿದ ಪುಡಿ ಮಾರುವ ಅಂಗಡಿಯೂ ಇರಬಹುದು. ಬಿಡಿಸಿ ಕೇಳಿ ಬರೆದುಕೊಳ್ಳಬೇಕು.

ಚಿತ್ರಗಳಿಗೆ ಸ್ಟುಡಿಯೋಗಳಿಗಿಂತ ಮನೆಯ ಆಲ್ಬಮ್ಮುಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಯಾರೂ ಅಂಗಡಿಯ ಫೋಟೋ ಎಂದು ತೆಗೆಸಿಕೊಳ್ಳಲಿಲ್ಲ. ಆದರೆ ನಾಲ್ಕು ಮಾರಿಯಮ್ಮ ದೇವಾಲಯಗಳ ಕರಗ ಹೊರಟಾಗ, ದಸರೆಯ ದಶಮಂಟಪ ಸಾಗುವಾಗ, ಮದುವೆ ದಿಬ್ಬಣ ನಿಂತಾಗ ಹಿಂದೆ ಅಂಗಡಿಯ ಹಲಗೆ ಬಾಗಿಲು, ಬೋರ್ಡು, ಮಹಡಿಯ ಕಟಕಟೆ ಬಿದ್ದಿರುತ್ತದೆ. ಚಿತ್ರದಲ್ಲಿ ಕೆಎ-12 ಫಲಕದ ವಾಹನವಿದ್ದರೆ 1989ರ ನಂತರದ್ದು. ಆಲ್ಬಮ್ಮಿನಿಂದ ಫೋಟೋ ಕೀಳಬೇಡಿ. ಹಿಂಬದಿಯ ಸ್ಟುಡಿಯೋ ಮುದ್ರೆ ಹರಿದುಹೋಗುತ್ತದೆ. ಪುಟ ಸಮೇತ ಸ್ಕ್ಯಾನ್ ಮಾಡಿ, 600 ಡಿಪಿಐಗಿಂತ ಕಡಿಮೆ ಬೇಡ.

ಈಗ, ನಿಂತಿರುವ ಆದರೆ ಬೀಳಲಿರುವ ಕಟ್ಟಡದ ಮಾತು. ಪೇಟೆಯ ಅಂಗಡಿ ಕಟ್ಟಡಗಳಿಗೆ ಎದುರು ಕಿರಿದು, ಆಳ ಹೆಚ್ಚು. ಎದುರು 18 ಅಡಿ, ಆಳ 70 ಅಡಿ, ಎರಡಂತಸ್ತು ಎಂದುಕೊಂಡರೆ ತಿಳಿದ ಮೂವರು ಎರಡು ದಿನದಲ್ಲಿ ಅಳೆದು ಮುಗಿಸಬಹುದು. ಬೇಕಾದದ್ದು 30 ಮೀಟರ್ ಟೇಪು, 5 ಮೀಟರ್ ಟೇಪು, ತೂಗುಗುಂಡು, ನೀರು ತುಂಬಿದ ಲೆವೆಲ್ ಟ್ಯೂಬು, ಮೀಟರ್ ಗುರುತಿನ ಕೋಲು, ಟಾರ್ಚು. ಲೇಸರ್ ಅಳತೆಯಂತ್ರ ಒಳಗೆ ಚೆನ್ನ. ಹೊರಗೆ ಬಿಸಿಲಲ್ಲಿ ಚುಕ್ಕಿ ಕಾಣದೆ ಎದುರು ಗೋಡೆಯನ್ನೇ ಬಿಟ್ಟು ಆಚೆಯದ್ದನ್ನು ಅಳೆದುಬಿಡುತ್ತದೆ.

ಟೇಪಿನ ಸೊನ್ನೆಯನ್ನು ಒಂದೇ ಮೂಲೆಯಲ್ಲಿ ಹಿಡಿದು, ಬಾಗಿಲು, ಕಂಬ, ಗೋಡೆಯ ಅಂಚು ಎಲ್ಲವನ್ನೂ ಒಂದೇ ಓಟದಲ್ಲಿ ಓದಬೇಕು. ತುಂಡುತುಂಡಾಗಿ ಅಳೆದು ಕೂಡಿಸಿದರೆ ಪ್ರತಿ ತುಂಡಿನ ಅರ್ಧ ಸೆಂಟಿಮೀಟರ್ ತಪ್ಪು ಸೇರುತ್ತ ಹೋಗಿ ಹಿಂಬಾಗಿಲ ಹೊತ್ತಿಗೆ ಗೋಡೆಯೇ ಸರಿದಿರುತ್ತದೆ. ಪ್ರತಿ ಕೋಣೆಯ ಎರಡೂ ಕರ್ಣ ಅಳೆಯುವುದನ್ನು ಬಿಡಲೇಬಾರದು. ಹಳೆಯ ಪೇಟೆಯಲ್ಲಿ ಚೌಕಾಕಾರದ ಕೋಣೆ ಸಿಗುವುದು ಅಪರೂಪ. ಕರ್ಣ ಇಲ್ಲದಿದ್ದರೆ ನಕ್ಷೆ ಬರೆಯುವವರು ಎಲ್ಲವನ್ನೂ ನೇರ ಮಾಡಿಬಿಡುತ್ತಾರೆ. ಗೋಡೆಯ ದಪ್ಪವನ್ನು ಬಾಗಿಲಲ್ಲಿ ಅಳೆಯಿರಿ, ಗಾರೆಯ ದಪ್ಪ ಬೇರೆ ಬರೆಯಿರಿ. ನಕ್ಷೆ 1:50ರಲ್ಲಿ, ಹಲಗೆ ಬಾಗಿಲು, ಕಟಕಟೆ, ತೊಲೆ ಕೂಡುವ ಜಾಗ 1:10ರಲ್ಲಿ.

ಹಲಗೆ ಬಾಗಿಲ ವಿಷಯದಲ್ಲಿ ನಮಗೆ ಸ್ವಲ್ಪ ಪಕ್ಷಪಾತವಿದೆ. ಮೇಲಿನ ಮತ್ತು ಕೆಳಗಿನ ಗಾಡಿಯಲ್ಲಿ (ಮರದಲ್ಲಿ ಕೊರೆದ ಉದ್ದ ಸೀಳಿನಲ್ಲಿ) ಒಂದೊಂದಾಗಿ ಜಾರಿಸಿ ಕೂರಿಸುವ ಆ ಹಲಗೆಗಳಿಗೆ ಕ್ರಮಸಂಖ್ಯೆ ಕೊರೆದಿರುತ್ತಾರೆ, ಯಾಕೆಂದರೆ ಒಂದರ ಜಾಗದಲ್ಲಿ ಇನ್ನೊಂದು ಹಲಗೆ ಕೂರುವುದಿಲ್ಲ. ಆ ಅಂಕೆಗಳ ಲಿಪಿ ನೋಡಿ. ಮಾಡಿಕೊಟ್ಟ ಆಚಾರಿ ಯಾವ ಭಾಷೆಯವರೆಂದು ಅಲ್ಲಿ ತಿಳಿಯುತ್ತದೆ. ಸಂಪೂರ್ಣ ಒಂದು ಜೊತೆ, ಗಾಡಿಯ ಸಮೇತ, ಉಳಿಯಬೇಕು. ಬಿಡಿಬಿಡಿಯಾಗಿ ಮಾರಿದರೆ ಅದು ಬರೀ ಮರ.

ಫೋಟೋ ತೆಗೆಯುವುದಾದರೆ ಮೋಡದ ದಿನ ಒಳ್ಳೆಯದು, ಮಳೆಯ ದಿನ ಅಲ್ಲ. ಎದುರಿನ ಚಿತ್ರ ರಸ್ತೆಯಾಚೆಯ ಮಹಡಿಯಿಂದ, ಗೋಡೆಗೆ ನೇರವಾಗಿ, ಅಳತೆಗೋಲು ಚಿತ್ರದೊಳಗೆ ಇರುವಂತೆ. ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಮಾಡುವುದಿದ್ದರೆ ಒಂದು ಚಿತ್ರ ಮುಂದಿನದರ ಮೇಲೆ ಶೇ. 60–70ರಷ್ಟು ಹರಡಿರಬೇಕು. ಸಂಜೆ ಗೋಡೆಗೆ ಓರೆಯಾಗಿ ಟಾರ್ಚು ಹಿಡಿದರೆ ನಾಲ್ಕು ಸಲ ಬಣ್ಣ ಬಳಿದ ಎದುರುಗೋಡೆಯಲ್ಲೂ ಹಳೆಯ ಬೋರ್ಡಿನ ಅಕ್ಷರಗಳ ಅಂಚು ಎದ್ದು ಕಾಣುತ್ತದೆ.

ಹಾಳಾದದ್ದು ಯಾಕೆ ಎಂಬುದನ್ನು ಬರೆಯದ ದಾಖಲೆ ಅರ್ಧ ದಾಖಲೆ. ಈ ಕಟ್ಟಡಗಳಿಗೆ ಒಂದೇ ಥರದ ಕಾಯಿಲೆಗಳು. ಮಣ್ಣು ಅಥವಾ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಬಳಿದಾಗ ನೆಲದಿಂದ ಏರಿದ ತೇವ ಹೊರಗೆ ಆರಲಾರದೆ ಒಳಗೇ ನಿಂತು, ಸಿಮೆಂಟು ಗಟ್ಟಿಯಾಗಿ ಕಂಡರೂ ಹಿಂದಿನ ಗೋಡೆ ಹಿಟ್ಟಾಗುತ್ತದೆ. ತೊಲೆಯ ತುದಿ ಗೋಡೆಯೊಳಗೆ ಕೂತ ಜಾಗದಲ್ಲೇ ಕೊಳೆಯುತ್ತದೆ. ಹೊರಗೆ ಕಾಣುವ ಭಾಗ ಚೆನ್ನಾಗಿರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಚೂಪು ಮೊಳೆಯಿಂದ ಗೋಡೆಯ ಅಂಚಿನಲ್ಲಿ ಚುಚ್ಚಿ ನೋಡಿದರೆ ಗೊತ್ತಾಗುತ್ತದೆ. ಎರಡು ಮಾಡುಗಳ ನಡುವಿನ ತಗಡಿನ ದೋಣಿಯಲ್ಲಿ ಎಲೆ ತುಂಬಿ ನೀರು ಜಂಟಿ ಗೋಡೆಗೆ ಇಳಿಯುತ್ತದೆ, ಅದನ್ನು ತೆಗೆಯುವ ಕೆಲಸ ಯಾರದ್ದೆಂದು ಎರಡೂ ಕಡೆಯವರು ಜಗಳವಾಡುತ್ತಿರುತ್ತಾರೆ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಜಗಲಿ ರಸ್ತೆಯ ಮಟ್ಟಕ್ಕೆ ಬರುತ್ತದೆ, ಆಮೇಲೆ ಮಳೆನೀರು ಒಳಗೆ. ಎಲ್ಲಕ್ಕಿಂತ ಕೆಟ್ಟದ್ದು ರೋಲಿಂಗ್ ಶಟರಿಗಾಗಿ ಎದುರಿನ ನಡುಗಂಬ ಕಡಿಯುವುದು: ಮಹಡಿಯ ಭಾರ ಎರಡು ತುದಿಗೆ ಹೋಗಿ, ಕೆಲವು ವರ್ಷಕ್ಕೆ ಮೂಲೆಯಲ್ಲಿ ಓರೆ ಬಿರುಕು ಕಾಣುತ್ತದೆ. ಇಳಿಜಾರಿನ ಊರಲ್ಲಿ ಹಿಂದಿನ ಬರೆ (ಗುಡ್ಡದ ಕಡಿದಾದ ಮಗ್ಗುಲು) ಕಡಿದು ಜಾಗ ಮಾಡಿದ್ದರೆ ಅಪಾಯ ಇನ್ನೂ ದೊಡ್ಡದು. 2018ರ ಆಗಸ್ಟ್‌ನ ಭೂಕುಸಿತ ನಮಗೆಲ್ಲ ಕಲಿಸಿದ್ದು ಅದನ್ನೇ. ಈ ಕಾರಣಗಳನ್ನು ಕಟ್ಟಡವಾರು ಬರೆದಿಟ್ಟರೆ, ಇನ್ನೂ ನಿಂತಿರುವ ಪಕ್ಕದ ಕಟ್ಟಡವನ್ನು ಉಳಿಸಿಕೊಳ್ಳಲು ಅದೇ ಕೈಪಿಡಿ.

ಮಾದರಿಗಳನ್ನೂ ಇಡಬೇಕು: ಪ್ರತಿ ಮುದ್ರೆಯ ಒಂದೊಂದು ಹೆಂಚು, ಒಂದು ಪೂರ್ಣ ಇಟ್ಟಿಗೆ ಅಥವಾ ಮುರಕಲ್ಲು, ಒಳಗೋಡೆಯಿಂದ ಒಣಗಿದ ಗಾರೆ ಸುಮಾರು 200 ಗ್ರಾಂ, ತೊಲೆಯ ಅಡ್ಡ ಸೀಳು. ಗಾರೆಗೆ ಆಮ್ಲ ಹಾಕಿ ನೊರೆ ಬಂತೆಂದು ಸುಣ್ಣವೆಂದು ತೀರ್ಮಾನಿಸಬೇಡಿ, ಸಿಮೆಂಟಿಗೂ ನೊರೆ ಬರುತ್ತದೆ. ಚೀಟಿಯನ್ನು ಚೀಲದ ಹೊರಗೆ ಅಂಟಿಸಿದರೆ ಒಂದು ಮಳೆಗಾಲದಲ್ಲಿ ಉದುರುತ್ತದೆ. ಪೆನ್ಸಿಲಿನಲ್ಲಿ ಬರೆದು ಒಳಗೂ ಒಂದು ಹಾಕಿ.

ಇವೆಲ್ಲ ನಡೆಯಲು ನಗರಸಭೆ ಮಾಡಬೇಕಾದ ಕೆಲಸ ದೊಡ್ಡದಲ್ಲ. ಐವತ್ತು ವರ್ಷ ಮೀರಿದ ವಾಣಿಜ್ಯ ಕಟ್ಟಡ ಕೆಡವಲು ಅರ್ಜಿ ಬಂದಾಗ, ಈಗಲೋ ಆಗಲೋ ಬೀಳುವ ಸ್ಥಿತಿ ಇಲ್ಲದಿದ್ದರೆ, ಅಳತೆ ಮತ್ತು ಫೋಟೋಗಳಿಗೆ 15 ದಿನ ಬಿಡಿ. ಅರ್ಜಿಯ ಜೊತೆ ಹಳೆಯ ಕಟ್ಟಡದ ನಾಲ್ಕು ಬದಿಯ ಚಿತ್ರ, ಒಂದು ನೆಲನಕ್ಷೆ ಕೇಳಿ. ಅದಕ್ಕೆ ಮಾಲೀಕರಿಂದ ಹೆಚ್ಚಿನ ಶುಲ್ಕ ಬೇಡ. ಶುಲ್ಕ ಹಾಕಿದರೆ ರಾತ್ರೋರಾತ್ರಿ ಕೆಡವುವವರು ಹೆಚ್ಚುತ್ತಾರೆ. ಮಳೆಗಾಲದಲ್ಲಿ ಅಪಾಯದ ಕಟ್ಟಡ ಇಳಿಸಲೇಬೇಕಾದಾಗ ಕನಿಷ್ಠ ಒಂದು ಗಂಟೆ ಫೋಟೋಗೆ ಅವಕಾಶವಿರಲಿ, ಜೆಸಿಬಿ ಎದುರಿನಿಂದಲ್ಲ, ಹಿಂದಿನಿಂದ ಶುರುವಾಗಲಿ. ಕೆಡವಿದ ಮೇಲೆ ಹಳೆ ನಂಬರು, ಹೊಸ ನಂಬರು, ನಕ್ಷೆ, ಚಿತ್ರ, ಕಾರಣ ಇವಿಷ್ಟು ಒಂದೇ ಕಡತದಲ್ಲಿ ಸೇರಲಿ. ಒಂದು ಪ್ರತಿ ನಗರಸಭೆಯಲ್ಲಿ, ಒಂದು ಜಿಲ್ಲಾ ಗ್ರಂಥಾಲಯದಲ್ಲಿ, ಒಂದು ಜಿಲ್ಲೆಯ ಹೊರಗೆ.

ಸಾರ್ವಜನಿಕರಲ್ಲಿ: ಹಳೆಯ ಬಿಲ್ಲುಪುಸ್ತಕ, ಲೈಸೆನ್ಸು, ಬಾಡಿಗೆ ರಸೀದಿ ಇದ್ದವರು ದಾನ ಕೊಡಬೇಕೆಂದಿಲ್ಲ. ಸ್ಕ್ಯಾನಿಗೆ ಒಂದು ದಿನ ಕೊಟ್ಟರೆ ಸಾಕು, ಮೂಲ ನಿಮ್ಮ ಮನೆಯಲ್ಲೇ ಇರಲಿ. ಸಾಲದ ಪುಟ, ಮನೆತನದ ವಿವರ ಪ್ರಕಟವಾಗಬಾರದೆಂದಿದ್ದರೆ ಹಾಗೆಂದು ಬರೆದುಕೊಡಿ.

ತುರ್ತಾಗಿ ಒಂದು ಕೆಲಸವನ್ನು ಈ ಬೇಸಿಗೆಯಲ್ಲೇ ಮಾಡಿ. ಹಳೆಯ ನಿರ್ಧರಣಾ ವಹಿಗಳು ಎಲ್ಲೆಲ್ಲಿ ಇವೆಯೋ ಪಟ್ಟಿ ಮಾಡಿಸಿ, ನೆಲದ ಮೇಲಿದ್ದರೆ ಎತ್ತಿಸಿ, ಹೊರಗೋಡೆಯಿಂದ ಒಂದು ಅಡಿ ದೂರದ ಕಬ್ಬಿಣದ ರ‍್ಯಾಕಿನಲ್ಲಿ ಅಡ್ಡಲಾಗಿ ಮಲಗಿಸಿ ಇಡಿಸಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ, ಹತ್ತಿಬಟ್ಟೆ ಸಾಕು. ಜೂನ್ ಬಂದರೆ ಆ ಕೆಲಸಕ್ಕೆ ಮತ್ತೆ ಆರು ತಿಂಗಳು ಕಾಯಬೇಕು.

ಇಂತಿ,
ಕೊಡಗಿನ ಪೇಟೆಗಳ ಹಳೆಯ ಕಟ್ಟಡಗಳನ್ನು ಅಳೆದು ದಾಖಲಿಸುವವರು
ಮಡಿಕೇರಿ